ಬಲದಿಂದ ಎಡಕ್ಕೆ ಸಾಗುವ ಚಿತ್ರಕಥೆ

ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ಮೊಮ್ಮಗನು ಪಡಸಾಲೆಯ ಮೂಲೆಯಲ್ಲಿ ಕುಳಿತು ಒಂದು ಪುಸ್ತಕವನ್ನು ಹಿಂಬದಿಯಿಂದ ಮಗುಚುತ್ತಿದ್ದನು. ಕಥೆಯ ಕೊನೆಯನ್ನು ಮೊದಲೇ ತಿಳಿದುಕೊಳ್ಳುವ ಆತುರ ಹುಡುಗನಿಗೆ ಎಂದು ನಾವು ಭಾವಿಸಿದೆವು. ಅರ್ಧ ಗಂಟೆ ಕಳೆದರೂ ಅವನು ಹಾಗೆಯೇ ಹಿಂದಿನಿಂದ ಮುಂದಕ್ಕೆ ಸಾಗುತ್ತಿರಲು, ಪುಸ್ತಕವನ್ನು ಹೊಲಿದವರೇ ತಪ್ಪಿರಬೇಕೆಂದು ಅದನ್ನು ಕೈಗೆ ತೆಗೆದುಕೊಂಡು ನೋಡಿದೆವು. "ಅಜ್ಜ, ಇದು ಮಾಂಗಾ. ಇದನ್ನು ಹೀಗೆಯೇ ಓದಬೇಕು" ಎಂದು ಅವನು ನಕ್ಕನು. ಅರವತ್ತು ದಾಟಿದ ಮೇಲೆ ಪುಸ್ತಕ ಹಿಡಿಯುವುದನ್ನು ಹನ್ನೆರಡು ವರ್ಷದ ಬಾಲಕನಿಂದ ಕಲಿಯುವ ಪ್ರಸಂಗ ನಮಗೆ ಹೀಗೆ ಒದಗಿತು.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಿಬಿಡುವುದು ಒಳಿತು. ಸುಮಾರು ನಾಲ್ವತ್ತು ವರ್ಷಗಳ ಹಿಂದೆ ಮಠದ ಉಚಿತ ಪ್ರಸಾದನಿಲಯವೊಂದರಲ್ಲಿ ನಾವು ಮೇಲ್ವಿಚಾರಕರಾಗಿದ್ದೆವು. ಒಂದು ಸಂಜೆ ಓದಿನ ವೇಳೆಯಲ್ಲಿ ವಿದ್ಯಾರ್ಥಿಯೊಬ್ಬನು ವ್ಯಾಕರಣ ಪುಸ್ತಕದ ಒಳಗೆ ಇಂದ್ರಜಾಲ ಕಾಮಿಕ್ಸ್ ಇಟ್ಟುಕೊಂಡು ಓದುತ್ತಿದ್ದುದು ನಮ್ಮ ಕಣ್ಣಿಗೆ ಬಿತ್ತು. ಕಸಿದುಕೊಂಡು, ನಾಲ್ಕು ಮಂದಿಯ ಎದುರಿಗೆ ಗದರಿಸಿ, ಪುಸ್ತಕವನ್ನು ನಮ್ಮ ಪೆಟ್ಟಿಗೆಯೊಳಗೆ ಹಾಕಿದೆವು. ಅದರೊಳಗೆ ಏನಿದೆಯೆಂದು ತೆರೆದು ನೋಡುವ ಅಗತ್ಯವೇ ನಮಗೆ ಕಾಣಲಿಲ್ಲ. ಚಿತ್ರಕಥೆ ಎಂದರೆ ಅಕ್ಷರ ಬಾರದವರ ಆಟಿಕೆ, ಬಂದವರ ಆಲಸ್ಯ ಎಂಬುದು ಆಗ ನಮ್ಮ ಖಚಿತ ಅಭಿಪ್ರಾಯವಾಗಿತ್ತು. ಆ ಅಭಿಪ್ರಾಯವನ್ನು ಪರೀಕ್ಷಿಸುವ ಕೆಲಸವನ್ನು ಮೊಮ್ಮಗನ ದೆಸೆಯಿಂದ ಇಷ್ಟು ತಡವಾಗಿ ಕೈಗೊಂಡೆವು. ಹಾಗೆ ಓದಿ ತಿಳಿದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಜಪಾನೀ ಭಾಷೆಯನ್ನು ಪರಂಪರೆಯಿಂದ ಮೇಲಿನಿಂದ ಕೆಳಕ್ಕೆ ಬರೆಯುವರು. ಒಂದು ಸಾಲು ಮುಗಿದರೆ ಮುಂದಿನ ಸಾಲು ಅದರ ಎಡಕ್ಕೆ ಬರುವುದು. ಆದುದರಿಂದ ನಾವು ಹಿಂಬದಿಯೆನ್ನುವುದು ಅವರಿಗೆ ಮುಂಬದಿ. ಚಿತ್ರದ ಚೌಕಗಳೂ ಅದೇ ಹಾದಿಯಲ್ಲಿ ಬಲದಿಂದ ಎಡಕ್ಕೆ ಸಾಗುತ್ತವೆ. ಮೊದಮೊದಲು ಮಾಂಗಾಗಳನ್ನು ಇಂಗ್ಲಿಷಿಗೆ ತಂದವರು ತಮ್ಮ ಓದುಗರ ಅನುಕೂಲಕ್ಕಾಗಿ ಪುಟಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಮುದ್ರಿಸಿದರು. ಇದರಿಂದ ಕಥೆಯೊಳಗಿನ ಬಲಗೈಯವರೆಲ್ಲ ಎಡಗೈಯವರಾದರು. ಅಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಜಪಾನೀಯರು ಕಿಮೊನೊ ಎಂಬ ನಿಲುವಂಗಿಯನ್ನು ಉಡುವಾಗ ಎಡದ ಅಂಚನ್ನು ಬಲದ ಅಂಚಿನ ಮೇಲೆ ತರುವುದು ನಿಯಮ. ಅದಕ್ಕೆ ವಿರುದ್ಧವಾಗಿ ಉಡಿಸುವುದು ಶವಕ್ಕೆ ಮಾತ್ರ. ತಿರುವಿದ ಪುಟಗಳಲ್ಲಿ ಮದುವೆಯ ಮನೆಯ ಹೆಂಗಳೆಯರೂ ಸ್ಮಶಾನಕ್ಕೆ ಹೊರಟವರಂತೆ ಉಟ್ಟಿರುತ್ತಿದ್ದರು! 2000ದ ನಂತರದ ವರ್ಷಗಳಲ್ಲಿ ಪ್ರಕಾಶಕರು ಈ ಪದ್ಧತಿಯನ್ನು ಬಹುಮಟ್ಟಿಗೆ ಕೈಬಿಟ್ಟು ಮೂಲದ ದಿಕ್ಕಿನಲ್ಲಿಯೇ ಮುದ್ರಿಸತೊಡಗಿದರು. ನಮ್ಮ ಮೊಮ್ಮಗನ ಕೈಯಲ್ಲಿದ್ದುದು ಅಂತಹುದೇ ಪ್ರತಿ.

ಬಲದಿಂದ ಎಡಕ್ಕೆ ಸಾಗುವ ಈ ಚಿತ್ರದ ಹಾದಿ ಬಹಳ ಹಳೆಯದು. ಕ್ಯೋಟೊ ನಗರದ ಕೋಜಾನ್‌ಜಿ ಎಂಬ ಬೌದ್ಧ ಮಂದಿರಕ್ಕೆ ಸೇರಿದ ನಾಲ್ಕು ಚಿತ್ರಸುರುಳಿಗಳಿವೆ. 12 ಮತ್ತು 13ನೆಯ ಶತಮಾನಗಳಲ್ಲಿ, ಎಂದರೆ ನಮ್ಮ ನಾಡಿನಲ್ಲಿ ಶರಣರು ಬಾಳಿದ ಕಾಲದಲ್ಲಿ ಮತ್ತು ಅದರ ಮರುಶತಮಾನದಲ್ಲಿ, ಬರೆದವು ಇವು. ಬಣ್ಣವಿಲ್ಲ, ಮಾತಿಲ್ಲ, ಕಪ್ಪು ಮಸಿಯ ಗೆರೆ ಮಾತ್ರ. ಸುರುಳಿಯನ್ನು ಬಿಚ್ಚುತ್ತ ಹೋದಂತೆ ಮೊಲಗಳೂ ಕಪ್ಪೆಗಳೂ ಕುಸ್ತಿಯಾಡುತ್ತವೆ, ನೀರಿನಲ್ಲಿ ಈಜುತ್ತವೆ. ಒಂದೆಡೆ ಕಪ್ಪೆಯೊಂದು ಬುದ್ಧನಂತೆ ಪೀಠದ ಮೇಲೆ ಕುಳಿತಿದೆ. ಅದರೆದುರು ಕಾವಿ ಹೊದ್ದಂತಿರುವ ಕೋತಿಯೊಂದು ಗಂಭೀರವಾಗಿ ಮಂತ್ರ ಪಠಿಸುತ್ತಿದೆ. ಇದನ್ನು ಮಠಾಧಿಪತಿಯೊಬ್ಬರೇ ಬರೆದರೆಂಬ ಪ್ರತೀತಿ ಜಪಾನಿನಲ್ಲಿ ಬಹುಕಾಲ ಇದ್ದಿತು, ವಿದ್ವಾಂಸರು ಅದನ್ನು ಒಪ್ಪುವುದಿಲ್ಲ. ಬರೆದವರು ಯಾರೇ ಇರಲಿ, ಆ ಚಿತ್ರವನ್ನು ಹರಿದೆಸೆಯದೆ ಎಂಟು ನೂರು ವರ್ಷ ಕಾಪಾಡಿದವರು ಮಂದಿರದ ಸಂನ್ಯಾಸಿಗಳೇ. ಮಠದಲ್ಲಿ ಬೆಳೆದ ನಮಗೆ ಚಿತ್ರಕ್ಕಿಂತ ಈ ಸಹನೆಯೇ ಹೆಚ್ಚು ಹಿಡಿಸಿತು.

ಮಾಂಗಾ ಎಂಬ ಶಬ್ದದಲ್ಲಿ ಎರಡು ಅಕ್ಷರಗಳಿವೆ. ಮೊದಲನೆಯದಕ್ಕೆ ಮನಬಂದಂತೆ ಹರಿಯುವುದೆಂಬ ಅರ್ಥ, ಎರಡನೆಯದಕ್ಕೆ ಚಿತ್ರವೆಂಬ ಅರ್ಥ. ಈ ಹೆಸರಿಗೆ ಪ್ರಸಿದ್ಧಿ ತಂದವರು ಹೊಕುಸಾಯಿ. ಹೆದ್ದೆರೆಯ ಚಿತ್ರದಿಂದ ಜಗದ್ವಿಖ್ಯಾತರಾದ ಈ ಕಲಾವಿದರ 'ಹೊಕುಸಾಯಿ ಮಾಂಗಾ'ದ ಮೊದಲ ಸಂಪುಟ 1814ರಲ್ಲಿ ಪ್ರಕಟವಾಯಿತು. ಕೊನೆಯ 15ನೆಯ ಸಂಪುಟ ಹೊರಬರುವ ಹೊತ್ತಿಗೆ 1878 ಆಗಿತ್ತು, ಕಲಾವಿದರು ತೀರಿಕೊಂಡು ಸುಮಾರು ಮೂರು ದಶಕಗಳು ಸಂದಿದ್ದವು. ಆದರೆ ಅದರಲ್ಲಿ ಕಥೆಯಿಲ್ಲ. ಮೀನುಗಾರರು, ಜಟ್ಟಿಗಳು, ಹುಳುಹುಪ್ಪಟೆ, ಮಳೆಗೆ ಸಿಕ್ಕ ದಾರಿಹೋಕರು, ಹೀಗೆ ಕಂಡುದನ್ನೆಲ್ಲ ಬರೆದಿಟ್ಟ ಅಭ್ಯಾಸದ ಪುಸ್ತಕ ಅದು.

ಕಥೆ ಹೇಳುವ ಚಿತ್ರ ಬೀದಿಯಿಂದ ಬಂದಿತು. 1930ರ ದಶಕದಲ್ಲಿ ಜಪಾನಿನ ಊರೂರುಗಳಲ್ಲಿ ಸೈಕಲ್ಲಿನ ಹಿಂದೆ ಮರದ ಚಿಕ್ಕ ಚೌಕಟ್ಟು ಕಟ್ಟಿಕೊಂಡ ಕಥೆಗಾರರು ತಿರುಗುತ್ತಿದ್ದರು. ಮರದ ತುಂಡುಗಳನ್ನು ತಟ್ಟಿ ಸದ್ದು ಮಾಡಿದೊಡನೆ ಮಕ್ಕಳು ಓಡಿ ಬರುವರು. ಮಿಠಾಯಿ ಕೊಂಡವರಿಗೆ ಮುಂದಿನ ಸಾಲಿನಲ್ಲಿ ಸ್ಥಾನ. ಕಥೆಗಾರನು ಒಂದೊಂದೇ ಹಲಗೆಯ ಚಿತ್ರವನ್ನು ಸರಿಸುತ್ತ ಕಥೆ ಹೇಳಿ, ಸರಿಯಾದ ಘಟ್ಟದಲ್ಲಿ ನಿಲ್ಲಿಸಿ, ಉಳಿದುದು ನಾಳೆಗೆ ಎನ್ನುವನು. 'ಕಾಮಿಶಿಬಾಯಿ' ಎಂಬ ಈ ಕಲೆ 1953ರಲ್ಲಿ ಅಲ್ಲಿ ದೂರದರ್ಶನ ಬಂದ ಮೇಲೆ ಕ್ಷೀಣಿಸಿತು. ಅದಕ್ಕೆ ಚಿತ್ರ ಬರೆದು ಹೊಟ್ಟೆ ಹೊರೆಯುತ್ತಿದ್ದ ಹಲವರು ಪುಸ್ತಕಗಳತ್ತ ತಿರುಗಿದರು. ಅವರಲ್ಲಿ ಶಿಗೆರು ಮಿಜುಕಿ ಒಬ್ಬರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ಪಪುವಾ ನ್ಯೂಗಿನಿಯ ಕಡೆಗೆ ಹೋಗಿ ಎಡಗೈಯನ್ನು ಕಳೆದುಕೊಂಡು ಬಂದ ಅವರು, ಉಳಿದ ಒಂದೇ ಕೈಯಿಂದ ಜೀವಮಾನವೆಲ್ಲ ಹಳ್ಳಿಯ ಭೂತ ಪಿಶಾಚಿಗಳ ಕಥೆಗಳನ್ನು ಬರೆದರು. ಬಾಲ್ಯದಲ್ಲಿ ನೆರೆಮನೆಯ ಮುದುಕಿಯೊಬ್ಬಳು ಹೇಳಿದ ಕಥೆಗಳೇ ಅವುಗಳ ಬೇರು. 2015ರಲ್ಲಿ, ತಮ್ಮ 93ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮಾಂಗಾ ಇಂದಿನ ರೂಪ ತಾಳಿದುದು ಒಸಾಮು ತೆಜುಕಾ ಅವರಿಂದ ಎಂಬುದನ್ನು ಜಪಾನೀಯರೆಲ್ಲ ಒಪ್ಪುತ್ತಾರೆ. 1928ರಲ್ಲಿ ಹುಟ್ಟಿದ ಅವರಿಗೆ ಹುಳುಗಳೆಂದರೆ ಎಷ್ಟು ಪ್ರೀತಿಯೆಂದರೆ, ತಮ್ಮ ಹೆಸರಿನ ಬರಹಕ್ಕೆ ಕೀಟವೆಂಬ ಅರ್ಥದ ಅಕ್ಷರವೊಂದನ್ನು ಸೇರಿಸಿಕೊಂಡರು. ಯುದ್ಧದ ಕೊನೆಯಲ್ಲಿ ಒಸಾಕಾ ನಗರದ ಮೇಲೆ ಸುರಿದ ಬಾಂಬುಗಳನ್ನು ಕಣ್ಣಾರೆ ಕಂಡರು. ಆ ಬಳಿಕ ವೈದ್ಯವಿದ್ಯೆಯನ್ನು ಓದುತ್ತಲೇ ಚಿತ್ರ ಬರೆಯತೊಡಗಿದರು. 1947ರಲ್ಲಿ ಅಗ್ಗದ ಕಾಗದದ ಮೇಲೆ ಅಚ್ಚಾದ ಅವರ 'ಹೊಸ ನಿಧಿಯ ದ್ವೀಪ' ನಾಲ್ಕು ಲಕ್ಷ ಪ್ರತಿಗಳಷ್ಟು ಮಾರಾಟವಾಯಿತೆಂದು ಹೇಳುವರು. ಅದರ ಆರಂಭದಲ್ಲಿ ಬಾಲಕನೊಬ್ಬನು ಕಾರಿನಲ್ಲಿ ಬಂದರಿನತ್ತ ಧಾವಿಸುತ್ತಾನೆ. ಮಾತೇ ಇಲ್ಲದೆ ಚೌಕದಿಂದ ಚೌಕಕ್ಕೆ ಕಾರು ಓಡುವುದನ್ನು ಕಂಡ ಅಂದಿನ ಮಕ್ಕಳಿಗೆ ಕಾಗದದ ಮೇಲೆ ಸಿನಿಮಾ ನೋಡಿದಂತಾಯಿತು. ವೈದ್ಯನಾಗಲೋ, ಚಿತ್ರಗಾರನಾಗಲೋ ಎಂಬ ತೊಳಲಾಟದಲ್ಲಿ ತಾಯಿಯನ್ನು ಕೇಳಿದಾಗ, ನಿನಗೆ ಪ್ರಿಯವಾದುದನ್ನೇ ಮಾಡು ಎಂದು ಆಕೆ ಹೇಳಿದುದನ್ನು ತೆಜುಕಾ ನೆನೆದುಕೊಂಡಿದ್ದಾರೆ. ವೈದ್ಯವಿದ್ಯೆಯನ್ನು ಅವರು ಅರ್ಧಕ್ಕೆ ಬಿಡಲಿಲ್ಲ. ಪರವಾನಗಿ ಪಡೆದು, 1961ರಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಜೀವಮಾನದಲ್ಲಿ ಬರೆದುದು ಸುಮಾರು ಒಂದೂವರೆ ಲಕ್ಷ ಪುಟ. 1989ರ ಫೆಬ್ರವರಿಯಲ್ಲಿ, 60ನೆಯ ವಯಸ್ಸಿನಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಳ್ಳುವ ಕೆಲವು ದಿನಗಳ ಹಿಂದಿನವರೆಗೂ ಆಸ್ಪತ್ರೆಯ ಹಾಸಿಗೆಯಲ್ಲಿ ಬರೆಯುತ್ತಲೇ ಇದ್ದರು.

ಇವರ 'ಬುದ್ಧ' ಎಂಬ ಕೃತಿಯನ್ನು ಇಂಗ್ಲಿಷ್ ಅನುವಾದದಲ್ಲಿ ನಾವು ಓದಿದೆವು. 1972ರಿಂದ 1983ರವರೆಗೆ ಧಾರಾವಾಹಿಯಾಗಿ ಬಂದ ಇದು ಇಂಗ್ಲಿಷಿನಲ್ಲಿ ಎಂಟು ಸಂಪುಟಗಳಷ್ಟಿದೆ. ಹಸಿದ ಸಂನ್ಯಾಸಿಗೆ ತನ್ನನ್ನೇ ಆಹಾರವಾಗಿ ಕೊಡಲು ಬೆಂಕಿಗೆ ಹಾರುವ ಮೊಲದ ಜಾತಕ ಕಥೆ ಆರಂಭದಲ್ಲಿಯೇ ಬರುವುದು. ಆ ಪುಟಗಳಲ್ಲಿ ಮಾತು ಬಹಳ ಕಡಿಮೆ, ಓದುವವರೂ ಮೌನವಾಗುವರು. ನಮ್ಮನ್ನು ಹೆಚ್ಚು ಹಿಡಿದಿಟ್ಟುದು ಚಪ್ರ ಎಂಬ ಬಾಲಕನ ಕಥೆ. ಯಾವ ಬೌದ್ಧ ಗ್ರಂಥದಲ್ಲಿಯೂ ಇಲ್ಲದ, ತೆಜುಕಾ ಸ್ವತಃ ಕಲ್ಪಿಸಿದ ಪಾತ್ರವಿದು. ದಾಸಿಯ ಮಗನಾದ ಚಪ್ರ ತನ್ನ ಹುಟ್ಟನ್ನು ಮರೆಮಾಚಿ ಕೋಸಲದ ಸೇನಾಪತಿಗೆ ದತ್ತುಮಗನಾಗುತ್ತಾನೆ. ಗುಟ್ಟು ಬಯಲಾದಾಗ ಅವನ ಶೌರ್ಯವಾಗಲಿ ವಿದ್ಯೆಯಾಗಲಿ ನೆರವಿಗೆ ಬರುವುದಿಲ್ಲ, ತಾಯಿ ಮಗ ಇಬ್ಬರೂ ಪ್ರಾಣ ತೆರುತ್ತಾರೆ. ಕುಲವನ್ನು ಕೇಳಬಾರದೆಂದು ನಿತ್ಯ ಪಠಿಸುವ ಮನೆಗಳಲ್ಲಿ ಬೆಳೆದ ನಾವು, ಕುಲ ಕೇಳಿದುದರಿಂದ ಆಗುವುದೇನೆಂಬುದನ್ನು ದೂರದ ಜಪಾನಿನವರೊಬ್ಬರ ಗೆರೆಗಳಲ್ಲಿ ನೋಡಬೇಕಾಯಿತು. ಗ್ರಂಥದಲ್ಲಿ ದೋಷಗಳಿಲ್ಲವೆಂದಲ್ಲ. ಗಂಭೀರವಾದ ಸನ್ನಿವೇಶದ ನಡುವೆ ಲೇಖಕರು ವಿನಾಕಾರಣ ಹಾಸ್ಯಕ್ಕೆ ಇಳಿಯುವರು. ಬಟ್ಟೆಯಿಲ್ಲದ ದೇಹಗಳ ಚಿತ್ರಗಳೂ ಅಲ್ಲಲ್ಲಿ ಬರುತ್ತವೆ. ಆದುದರಿಂದ ಅದು ಚಿಕ್ಕ ಮಕ್ಕಳ ಪುಸ್ತಕವಲ್ಲ.

ಮಾಂಗಾದ ಪುಟಕ್ಕೂ ಒಂದು ವ್ಯಾಕರಣ ಉಂಟು. ಹಣೆಯ ಪಕ್ಕದ ದೊಡ್ಡ ಬೆವರಹನಿ ಮುಜುಗರವನ್ನೂ, ಕಪಾಲದ ಮೇಲಿನ ಉಬ್ಬಿದ ನರ ಕೋಪವನ್ನೂ ಸೂಚಿಸುವುದು. ಸದ್ದುಗಳನ್ನು ಅಕ್ಷರದಲ್ಲಿಯೇ ಚಿತ್ರದ ನಡುವೆ ಬರೆಯುವರು. ವಿಶೇಷವೆಂದರೆ ಸದ್ದಿಲ್ಲದಿರುವುದಕ್ಕೂ ಅವರಲ್ಲಿ ಒಂದು ಸದ್ದಿನ ಪದವಿದೆ, 'ಶೀನ್' ಎಂದು. ನಿರ್ಜನವಾದ ಕೋಣೆಯ ಚಿತ್ರದ ಮೇಲೆ ಅದನ್ನು ಉದ್ದಕ್ಕೆ ಎಳೆದು ಬರೆದಿರುತ್ತಾರೆ. ಬೇರೆ ಭಾಷೆಯವರು ಇದಕ್ಕೆ ಬೆರಗಾಗಬಹುದು. ಮದುವೆ ಮುಗಿದ ಮರುದಿನ ಮನೆ 'ಬಿಕೋ' ಎನ್ನುತ್ತಿದೆ ಎಂದು ಹೇಳುವ ಕನ್ನಡಿಗರಿಗೆ ಬೆರಗಿಗೆ ಕಾರಣವಿಲ್ಲ.

ಮನೆಮಂದಿಯೆಲ್ಲ ಕೂಡಿ ಓದುವಂತಹ ಮಾಂಗಾ ಯಾವುದೆಂದು ಕೇಳಿದರೆ 'ಸಾಜಾಏ-ಸಾನ್' ಎಂದು ಹೇಳಬೇಕು. ಮಾಚಿಕೊ ಹಾಸೆಗಾವಾ ಎಂಬ ಮಹಿಳೆ 1946ರಲ್ಲಿ, ಎಂದರೆ ದೇಶವೆಲ್ಲ ಹಸಿದಿದ್ದಾಗ, ಫುಕುವೋಕಾದ ಸ್ಥಳೀಯ ಪತ್ರಿಕೆಯೊಂದರಲ್ಲಿ ನಾಲ್ಕು ಚೌಕಗಳ ಈ ಚಿತ್ರಹಾಸ್ಯವನ್ನು ಆರಂಭಿಸಿದರು. ಅನಂತರ ಅಸಾಹಿ ಎಂಬ ರಾಷ್ಟ್ರೀಯ ಪತ್ರಿಕೆಯಲ್ಲಿ ಅದು 1974ರವರೆಗೆ ನಡೆಯಿತು. ಮದುವೆಯಾದ ಮಗಳು, ಅಳಿಯ, ತಂದೆ ತಾಯಿ, ತಮ್ಮ ತಂಗಿ ಎಲ್ಲರೂ ಒಂದೇ ಸೂರಿನಡಿ ಇರುವ ಕುಟುಂಬವಿದು. ಕುಟುಂಬದವರಿಗೆಲ್ಲ ಶಂಖ, ಮೀನು, ಪಾಚಿ ಎಂಬಂತಹ ಕಡಲಿನ ಹೆಸರುಗಳು! ಪಡಿತರದ ಸಾಲು, ಮೀನಿನ ಬೆಲೆ, ಗಂಡನ ಮರೆವು, ಇವೇ ಅದರ ವಸ್ತು. 1969ರ ಅಕ್ಟೋಬರಿನಲ್ಲಿ ಇದರ ದೂರದರ್ಶನ ರೂಪ ಆರಂಭವಾಯಿತು, ಇಂದಿಗೂ ನಿಂತಿಲ್ಲ. ಜಗತ್ತಿನಲ್ಲಿಯೇ ಅತಿ ದೀರ್ಘಕಾಲ ನಡೆದ ಅನಿಮೇಷನ್ ದೂರದರ್ಶನಮಾಲಿಕೆಯೆಂದು ಗಿನ್ನೆಸ್ ದಾಖಲೆಯಲ್ಲಿ ಸೇರಿದೆ.

ಹೀಗಿದ್ದರೂ ಪುಸ್ತಕ ಕಸಿದುಕೊಳ್ಳುವ ಹಿರಿಯರು ಎಲ್ಲ ದೇಶಗಳಲ್ಲಿಯೂ ಇದ್ದರು. ಅಮೆರಿಕದಲ್ಲಿ 1954ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಕಾಮಿಕ್ಸ್ ಪುಸ್ತಕಗಳಿಂದಲೇ ಮಕ್ಕಳು ಅಪರಾಧಿಗಳಾಗುತ್ತಿರುವರೆಂದು ಗ್ರಂಥವನ್ನೇ ಬರೆದರು. ಅಲ್ಲಿನ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡರು. ಮರುವರ್ಷ ಜಪಾನಿನಲ್ಲಿಯೂ ತಾಯಂದಿರ ಮತ್ತು ಪೋಷಕರ ಸಂಘಗಳು ಕೆಟ್ಟ ಪುಸ್ತಕಗಳನ್ನು ಹೊರಗಟ್ಟುವ ಚಳವಳಿ ಹೂಡಿದವು. ಆ ಟೀಕೆಗೆ ಗುರಿಯಾದವರಲ್ಲಿ ತೆಜುಕಾ ಅವರೂ ಇದ್ದರು.

ಈ ವಿಷಯದಲ್ಲಿ ನಮ್ಮ ಮನಸ್ಸನ್ನು ಕಲಕಿದುದು 'ಬರಿಗಾಲ ಗೆನ್' ಎಂಬ ಪುಸ್ತಕದ ವೃತ್ತಾಂತ. 1945ರ ಆಗಸ್ಟ್ 6ರ ಬೆಳಿಗ್ಗೆ ಹಿರೋಶಿಮಾ ನಗರದ ಶಾಲೆಯೊಂದರ ಬಾಗಿಲ ಬಳಿ ಆರು ವರ್ಷದ ಕೇಜಿ ನಾಕಾಜಾವಾ ನಿಂತಿದ್ದನು. ಅಣುಬಾಂಬು ಸಿಡಿದಾಗ ಶಾಲೆಯ ಕಾಂಕ್ರೀಟು ಗೋಡೆ ಅಡ್ಡವಾಗಿ ಅವನು ಬದುಕಿದನು. ಅವನೊಡನೆ ಮಾತನಾಡುತ್ತಿದ್ದ ಮಹಿಳೆ ಬದುಕಲಿಲ್ಲ. ತಂದೆ, ಅಕ್ಕ, ತಮ್ಮ ಕುಸಿದ ಮನೆಯಡಿಯಲ್ಲಿ ಸಿಕ್ಕು ಬೆಂಕಿಗೆ ಆಹುತಿಯಾದರು. ತುಂಬು ಗರ್ಭಿಣಿಯಾಗಿದ್ದ ತಾಯಿ ಅದೇ ದಿನ ಹೆಣ್ಣುಮಗುವನ್ನು ಹೆತ್ತಳು. ಆ ಶಿಶು ಕೆಲವೇ ತಿಂಗಳಲ್ಲಿ ತೀರಿಕೊಂಡಿತು. ಮುಂದೆ ನಾಕಾಜಾವಾ ಟೋಕಿಯೋ ಸೇರಿ ಚಿತ್ರಗಾರರಾದರು, ಆದರೆ ಬಾಂಬಿನ ವಿಷಯವನ್ನು ಮುಟ್ಟಲಿಲ್ಲ. 1966ರಲ್ಲಿ ತಾಯಿ ತೀರಿಕೊಂಡಳು. ಜಪಾನಿನಲ್ಲಿ ದಹನದ ನಂತರ ಬಂಧುಗಳು ಅಸ್ಥಿಯನ್ನು ಆಯುವ ಪದ್ಧತಿ ಇದೆ. ತಾಯಿಯ ಚಿತೆಯಲ್ಲಿ ಆಯಲು ಎಲುಬುಗಳೇ ಉಳಿದಿರಲಿಲ್ಲ, ಬೂದಿಯಲ್ಲಿ ಸಣ್ಣ ಚೂರುಗಳಷ್ಟೇ ಇದ್ದವು. ಬಾಂಬು ತನ್ನ ತಾಯಿಯ ಎಲುಬನ್ನೂ ಬಿಡಲಿಲ್ಲವೆಂಬ ಕ್ರೋಧದಿಂದ ಅವರು ಬರೆಯಲು ಕುಳಿತರು. 1973ರಲ್ಲಿ ಬಾಲಕರ ವಾರಪತ್ರಿಕೆಯೊಂದರಲ್ಲಿ ಆರಂಭವಾದ ಆ ಕಥೆ ಹತ್ತು ಸಂಪುಟಗಳಾಯಿತು. ಅದರಲ್ಲಿ ಬಾಂಬು ಹಾಕಿದವರ ಮೇಲೆ ಎಷ್ಟು ಕೋಪವಿದೆಯೋ, ಯುದ್ಧಕ್ಕೆ ದೇಶವನ್ನು ನೂಕಿದ ಸ್ವದೇಶದ ಆಳುವವರ ಮೇಲೆಯೂ ಅಷ್ಟೇ ಇದೆ. ಜಪಾನೀ ಸೈನಿಕರ ಕ್ರೌರ್ಯವನ್ನೂ ಲೇಖಕರು ಮುಚ್ಚಿಡಲಿಲ್ಲ.

ಶಾಲೆಗಳ ಗ್ರಂಥಾಲಯಗಳಲ್ಲಿ ದಶಕಗಳ ಕಾಲ ಮಕ್ಕಳು ಓದಿದ ಪುಸ್ತಕವಿದು. 2012ರ ಡಿಸೆಂಬರಿನಲ್ಲಿ ನಾಕಾಜಾವಾ ತೀರಿಕೊಂಡರು. ಅದೇ ತಿಂಗಳಲ್ಲಿ ಮಾತ್ಸುಎ ನಗರದ ಶಿಕ್ಷಣ ಮಂಡಳಿಯು ಇದನ್ನು ಕಪಾಟಿನಿಂದ ತೆಗೆದು, ಮಕ್ಕಳು ತಾವಾಗಿ ಎತ್ತಿಕೊಳ್ಳದಂತೆ ಒಳಗಿಡಬೇಕೆಂದು ಶಾಲೆಗಳಿಗೆ ಸೂಚಿಸಿತು. ಕ್ರೌರ್ಯದ ಚಿತ್ರಗಳು ಅತಿಯಾಗಿವೆ ಎಂಬುದು ಕೊಟ್ಟ ಕಾರಣ. ಮರುವರ್ಷದ ಆಗಸ್ಟಿನಲ್ಲಿ ವಿಷಯ ಬಹಿರಂಗವಾಗಿ ಗದ್ದಲವಾದ ಮೇಲೆ ಆ ಸೂಚನೆಯನ್ನು ಹಿಂತೆಗೆದುಕೊಂಡರು. ಮುಂದೆ 2023ರಲ್ಲಿ ಹಿರೋಶಿಮಾ ನಗರದ ಶಿಕ್ಷಣ ಮಂಡಳಿಯೇ ತನ್ನ ಶಾಂತಿಪಾಠದ ಪುಸ್ತಕದಿಂದ ಗೆನ್‌ನ ಭಾಗವನ್ನು ಕೈಬಿಟ್ಟಿತು. ಆ ಚಿತ್ರಗಳು ಘೋರವೆಂಬುದು ನಿಜ. ನಾವೇ ಎರಡು ಬಾರಿ ಪುಸ್ತಕವನ್ನು ಮುಚ್ಚಿಟ್ಟು ಅಂಗಳಕ್ಕೆ ಹೋಗಿ ಬಂದೆವು. ಚರ್ಮ ಜೋಲುತ್ತ ನಡೆಯುವ ಜನರನ್ನು ಆರು ವರ್ಷದ ಹುಡುಗನು ಕಂಡಿದ್ದನು, ಹನ್ನೆರಡು ವರ್ಷದವನು ಚಿತ್ರದಲ್ಲಿಯೂ ಕಾಣಬಾರದು ಎಂಬ ವಾದ ನಮಗೆ ಸರಿಯೆನಿಸಲಿಲ್ಲ. ಮೊಮ್ಮಗನಿಗೆ ಮೊದಲ ಸಂಪುಟವನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿದೆವು. ಅವನು ಕೇಳಿದ ಪ್ರಶ್ನೆಗಳಿಗೆ ಅರ್ಧದಷ್ಟಕ್ಕೆ ಮಾತ್ರ ನಮ್ಮಲ್ಲಿ ಉತ್ತರವಿತ್ತು.

ಮಾಂಗಾದ ವ್ಯಾಪಾರದ ಬಗ್ಗೆಯೂ ಎರಡು ಮಾತು. ಅಲ್ಲಿನ ವಾರಪತ್ರಿಕೆಗಳು ನಾನೂರು ಪುಟಗಳಿಗೂ ಮಿಗಿಲಾಗಿ, ಒರಟು ಕಾಗದದಲ್ಲಿ ಅಗ್ಗವಾಗಿ ಬರುತ್ತವೆ. ಓದುಗರು ಅಂಚೆ ಕಾರ್ಡಿನಲ್ಲಿ ಮೆಚ್ಚಿದ ಕಥೆಗಳನ್ನು ಬರೆದು ಕಳಿಸುವರು, ಮತ ಬಾರದ ಕಥೆ ಕೆಲವೇ ವಾರಗಳಲ್ಲಿ ನಿಲ್ಲುವುದು. 'ಶೋನೆನ್ ಜಂಪ್' ಎಂಬ ವಾರಪತ್ರಿಕೆ 1994ರ ಕೊನೆಯಲ್ಲಿ ಒಂದೇ ಸಂಚಿಕೆಗೆ 65 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಅಚ್ಚುಹಾಕಿತ್ತು. ಆ ಕಾಲ ಈಗಿಲ್ಲ, ಓದು ಬಹುಪಾಲು ಮೊಬೈಲ್ ಪರದೆಗೆ ಸರಿದಿದೆ. ವಾರಕ್ಕೆ ಇಪ್ಪತ್ತರಷ್ಟು ಪುಟಗಳನ್ನು ಸಹಾಯಕರೊಡನೆ ಹಗಲಿರುಳು ಬರೆದು ಆರೋಗ್ಯ ಕೆಡಿಸಿಕೊಂಡ ಚಿತ್ರಗಾರರೂ ಅನೇಕರು. ಬಾಲಕರಿಗೆ, ಬಾಲಕಿಯರಿಗೆ, ವಯಸ್ಕರಿಗೆ ಎಂದು ಪತ್ರಿಕೆಗಳು ಬೇರೆ ಬೇರೆ ಇರುತ್ತವೆ. ವಯಸ್ಕರ ಭಾಗದಲ್ಲಿ ಅಶ್ಲೀಲವೂ ಹಿಂಸೆಯೂ ಸಾಕಷ್ಟಿದೆ. ತಂದೆತಾಯಿಗಳು ಪುಸ್ತಕದ ಹಿಂದೆ ಮುದ್ರಿಸಿರುವ ವಯಸ್ಸಿನ ಸೂಚನೆಯನ್ನು ಮೊದಲು ನೋಡುವುದು ಅವಶ್ಯಕ. ಇಲ್ಲಿ 'ಹಿಂದೆ' ಎಂದರೆ ಯಾವ ಬದಿಯೆಂಬುದನ್ನು ಮಕ್ಕಳನ್ನೇ ಕೇಳಿ ತಿಳಿಯಬೇಕು!

ನಮ್ಮ ಮನೆಗಳ ಮಕ್ಕಳಿಗೆ ಟಿ.ವಿ.ಯಿಂದ ಪರಿಚಿತನಾದ ಡೋರೆಮಾನ್ ಕೂಡ ಮೂಲದಲ್ಲಿ 1969ರ ಕೊನೆಯಲ್ಲಿ ಮಕ್ಕಳ ಮಾಸಿಕಗಳಲ್ಲಿ ಹುಟ್ಟಿದ ಮಾಂಗಾ. ಅದರಲ್ಲಿಯ ನೊಬಿತಾ ಮನೆಪಾಠ ಬಿಟ್ಟು ಮಲಗಿಕೊಂಡು ಮಾಂಗಾ ಓದುವನು, ತಾಯಿ ಗದರುವಳು. ಚಿತ್ರಕಥೆಯ ವಿಷಯದಲ್ಲಿ ನಮ್ಮ ನಾಡೇನೂ ಹಿಂದೆ ಬಿದ್ದಿರಲಿಲ್ಲ. ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ರೂಪಿಸಿದ ಅಮರ ಚಿತ್ರ ಕಥೆಯನ್ನು ಓದದ ಮನೆಗಳು ಕಡಿಮೆ. ಆ ಮಾಲೆಯಲ್ಲಿ 11ನೆಯ ಸಂಖ್ಯೆ ಕೃಷ್ಣನದು. ಅದಕ್ಕೂ ಮೊದಲಿನ ಹತ್ತು ಪುಸ್ತಕಗಳು ಪಾಶ್ಚಾತ್ಯ ಮಕ್ಕಳ ಕಥೆಗಳಾಗಿದ್ದು, ಕನ್ನಡದಲ್ಲಿ ಬಂದಿದ್ದವು. ನಾವು ಆ ಹುಡುಗನಿಂದ ಪುಸ್ತಕ ಕಸಿದುಕೊಂಡ ಕಾಲದಲ್ಲಿ ಇವು ನಮ್ಮ ಪ್ರಸಾದನಿಲಯದ ಪಕ್ಕದ ಅಂಗಡಿಯಲ್ಲಿಯೇ ತೂಗಾಡುತ್ತಿದ್ದವು, ನಾವು ತಲೆಯೆತ್ತಿ ನೋಡಿದವರಲ್ಲ.

ಈ ಲೇಖನ ಬರೆಯುವ ಮುನ್ನ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಇಳಿಸಿದೆವು. ಇಂದ್ರಜಾಲದ ಆ ಸಂಚಿಕೆ ತಾಡೋಲೆಯ ನಕಲುಗಳ ಕೆಳಗೆ ಹಾಗೆಯೇ ಇತ್ತು. ತೆರೆದಾಗ ಒಳಗಿನಿಂದ ಲೆಕ್ಕದ ಪುಸ್ತಕದಿಂದ ಹರಿದ ಹಾಳೆಯೊಂದು ಜಾರಿತು. ಪೆನ್ಸಿಲಿನಿಂದ ಎಂಟು ಚೌಕ ಎಳೆದು ಆ ಹುಡುಗನು ತನ್ನದೇ ಒಂದು ಕಥೆ ಬರೆದಿದ್ದನು. ಪ್ರಸಾದದ ಸಾಲು, ಬಾವಿಯ ಕಟ್ಟೆ, ಕೈಯಲ್ಲಿ ಬೆತ್ತ ಹಿಡಿದ ಮೇಲ್ವಿಚಾರಕರು. ನಮ್ಮ ಮೂಗನ್ನು ಅವನು ತಪ್ಪಾಗಿ ಬರೆದಿರಲಿಲ್ಲ. ಏಳು ಮತ್ತು ಎಂಟನೆಯ ಚೌಕಗಳು ಖಾಲಿ ಇದ್ದವು. ಹಳೆಯ ಹಾಜರಿ ಪುಸ್ತಕದಲ್ಲಿ ಅವನ ಊರಿನ ಹೆಸರು ಸಿಕ್ಕಿದೆ. ಹಾಳೆಯನ್ನೂ ಪುಸ್ತಕವನ್ನೂ ಸೇರಿಸಿ ಅಂಚೆಗೆ ಹಾಕಿದ್ದೇವೆ, ಉತ್ತರ ಇನ್ನೂ ಬಂದಿಲ್ಲ.